ಮೂವತ್ತಮೂರನೆಯದು

ಬೇರಿನ ತುದಿ ಕೊಯ್ಯುವುದು ಬೆಳಗಿನ ಹತ್ತೂವರೆಗೆ.
ಆಗಲೇ ಅದರೊಳಗೆ ಒಂದು ಎರಡಾಗುವ ಹೊತ್ತು.
ಫಿರೋಜಾ ಗಡಿಯಾರ ನೋಡಿ ಬ್ಲೇಡು ಇಡುತ್ತಾಳೆ,
ಇಲಿಶ್ ಮೀನು ಸೀಳುವ ಮುನ್ನ ಅವಳ ಅತ್ತೆಯ ಹಾಗೆ
ಬಾಯೊಳಗೇ ಏನೋ ಅಂದುಕೊಂಡು.

ಕೂದಲೆಳೆಯಷ್ಟು ಬೇರು
ಆಮ್ಲದಲ್ಲಿ ಮೆತ್ತಗಾಗಿ, ಬಣ್ಣ ಕುಡಿದು,
ಎರಡು ಗಾಜಿನ ನಡುವೆ ಮಲಗಿದ ಮೇಲೆ
ಒತ್ತುವುದು ಹೆಬ್ಬೆರಳಿನಿಂದ.
ಜೋರಾದರೆ ಚೆಲ್ಲಾಪಿಲ್ಲಿ,
ಹಗುರಾದರೆ ಒಂದರ ಮೇಲೊಂದು ಕವುಚಿ
ಲೆಕ್ಕ ತಪ್ಪಿಸುತ್ತವೆ ವರ್ಣತಂತುಗಳು.
ಹದಿನಾರು ವರ್ಷ ಒತ್ತಿ ಒತ್ತಿ ಆ ಬೆರಳಿನ ಗೆರೆ ಸವೆದಿದೆ.
ಸಿಮ್ ಕೊಳ್ಳಲು ಹೋದರೆ ಅಂಗಡಿಯ ಯಂತ್ರ
ಇವಳು ಫಿರೋಜಾ ಅಲ್ಲ ಅನ್ನುತ್ತದೆ.

ಸ್ವರೂಪಕಾಟಿ: ಇಪ್ಪತ್ತೆರಡು.
ಮುಕುಂದಪುರಿ: ಇಪ್ಪತ್ತೆರಡು.
ಕಾಜಿ, ಒಂದೇ ಹಣ್ಣು ಅಂಗೈ ತುಂಬಿ ಮಣಿಕಟ್ಟು ಬಾಗಿಸುವಂಥದ್ದು,
ಅದಕ್ಕೂ ಅಷ್ಟೇ.
ಒಳಗೊಳಗೇ ಕೆಂಪಾದದ್ದು, ಕಡೆವರೆಗೂ ಬಿಳಿಯಾಗಿಯೇ ಉಳಿದದ್ದು,
ಎಲೆ ಸಹ ತಾಮ್ರಕ್ಕೆ ತಿರುಗಿದ್ದು,
ಎಲ್ಲ ಅದೇ ಹನ್ನೊಂದು ಜೋಡಿ.
ಚಹಾ ತರುವ ತುಫೇಲ್ ಕೇಳುತ್ತಾನೆ:
ಲೆಕ್ಕ ಒಂದೇ ಅಂದಮೇಲೆ ರುಚಿ ಯಾಕೆ ಬೇರೆ, ಆಪಾ?
ಎಣಿಸುವುದಷ್ಟೇ ನನ್ನ ಕೆಲಸ ಕಣೋ,
ಓದುವವರು ಢಾಕಾದಲ್ಲಿದ್ದಾರೆ.

ಶ್ರಾವಣ. ಭೀಮರುಲಿಯ ಕಾಲುವೆಯಲ್ಲಿ
ನೀರು ಕಾಣದಷ್ಟು ದೋಣಿ, ದೋಣಿ ಕಾಣದಷ್ಟು ಪೇರಲೆ.
ಪೆಯಾರಾ ಅನ್ನುತ್ತಾರೆ ಅಲ್ಲಿ. ಯಾವ ಹಡಗು ಇಳಿಸಿತೋ
ಅವರ ದಡಕ್ಕೂ ನಮ್ಮ ದಡಕ್ಕೂ ಒಂದೇ ಹೆಸರನ್ನು.
ಬಿನೋದಿನಿ ಹಾಲದಾರಳ ದೋಣಿಯ ಮೂಲೆಯಲ್ಲಿ
ಗೋಣಿ ಮುಚ್ಚಿಟ್ಟ ಹತ್ತಾರು ಕಾಯಿ,
ಒಂದು ಪಕ್ಕ ಉಬ್ಬಿ, ಒಂದು ಪಕ್ಕ ತಗ್ಗಿ, ಸೊಟ್ಟ.
ಬೀಜವಿಲ್ಲದ್ದು.
"ಮಣಕ್ಕೆ ಐವತ್ತು ಟಾಕಾ ಕಡಿಮೆ ಕೇಳುತ್ತಾನೆ ದಲ್ಲಾಳಿ.
ಕಲ್ಲಿಲ್ಲದ ಅಕ್ಕಿಗೆ ಕಡಿಮೆ ಕೊಡುವವರುಂಟೇ?"

ಅದರ ಬೇರಿನಲ್ಲಿ ಮೂವತ್ತೆರಡು.
ಮರುದಿನವೂ ಮೂವತ್ತೆರಡು.
ಅದರ ಮರುದಿನ ಮೂವತ್ತೊಂದು, ಕಣ್ಣಲ್ಲಿ ನೀರು.
ನಾಲ್ಕನೆಯ ದಿನ ಗುಂಡಿ ತಿರುಗಿ
ಮಸೂರ ಒಂದು ಕೂದಲಿನಷ್ಟು ಕೆಳಗಿಳಿದಾಗ
ಅಕ್ಕನ ಸೆರಗಿನ ಹಿಂದಿನಿಂದ ಇಣುಕಿದ ಹಾಗೆ
ಇನ್ನೊಂದು.
ಜೋಡಿಯಲ್ಲ, ಮೂರು ಮೂರು. ಹನ್ನೊಂದು ಸಲ ಮೂರು.

ದೋಣಿಯಂಚಿನಲ್ಲಿ ಕೂತು ಹೇಳಿದಳು:
ಬೀಜ ಕಟ್ಟಬೇಕಾದರೆ ಸಮ ಎರಡು ಪಾಲಾಗಬೇಕು, ಮಾಸಿ.
ಮೂರನ್ನು ಎರಡು ಮಾಡಹೋಗಿ ಸೋಲುತ್ತದೆ ನಿಮ್ಮ ಮರ.

ಹುಟ್ಟು ಹಾಕುತ್ತಲೇ ಕೇಳಿಸಿಕೊಂಡಳು ಬಿನೋದಿನಿ.
"ಅದು ನಿಂತ ಏರಿಯೂ ಹಾಗೆಯೇ. ಮಾವನಿಗೆ ಮೂವರು.
ಎಪ್ಪತ್ತೊಂದರಲ್ಲಿ ಗಡಿ ದಾಟಿದ ನಡುವಿನವ
ಒಂದು ಕಾಗದ ಹಾಕಲಿಲ್ಲ.
ಅವನ ರುಜುವಿಲ್ಲದೆ ಪಾಲಾಗದು, ಮಾರಲಾಗದು.
ಉಳಿದಿಬ್ಬರೂ ಬೈದುಕೊಂಡು ಬೈದುಕೊಂಡೇ
ಕಾಲುವೆಯ ಕೆಸರನ್ನು ಒಟ್ಟಿಗೇ ಎತ್ತಿ ಹಾಕಿದರು ಅದರ ಬುಡಕ್ಕೆ.
ಅಕ್ಕಪಕ್ಕದ್ದೆಲ್ಲ ಈಗ ಇಟ್ಟಿಗೆಭಟ್ಟಿ."

ಮರ ಬಂತು. ಕೊಂಬೆಕೊಂಬೆಗೂ
ಸಿಪ್ಪೆ ಸುಲಿದು, ಮಣ್ಣು ಮೆತ್ತಿ, ಸೆಣಬು ಸುತ್ತಿದ ಗಂಟು;
ಪೆಟ್ಟಾದ ಮೊಣಕೈಗಳ ಹಾಗೆ.
ಆ ಗಂಟಿನೊಳಗೆ ಬೇರು ಬಿಟ್ಟರೆ ಇನ್ನೊಂದು ಮರ,
ಅಂದರೆ ಇದೇ ಮರ.

ಬಿನೋದಿನಿ ಸೊಟ್ಟಕಾಯಿಯೊಂದನ್ನು ಸೀರೆಗೆ ಒರೆಸಿ ಕೊಟ್ಟಳು.
ಫಿರೋಜಾ ಕಚ್ಚಿದಳು.
ಬೀಜಕ್ಕೆಂದು ಸಜ್ಜಾಗಿದ್ದ ಹಲ್ಲು
ಹಲ್ಲಿಗೇ ತಾಗಿ ಕಟ್ಟೆಂದಿತು.