ಗೇಟು

ಯಾರ್ಕ್‌ಷೈರಿನ ಈ ಬೋಳುಗುಡ್ಡದ ಮೇಲೆ
ಹಳಿ ಕಿತ್ತು ಅರವತ್ತು ವರ್ಷ.
ಉಳಿದದ್ದು ಜಲ್ಲಿ,
ಟೈರಿನಡಿ ಹುರಿಗಡಲೆ ಜಗಿದ ಸದ್ದು.

ಎದುರಾದದ್ದು ಒಂದೇ ಒಂದು ಕುರಿ,
ಬೆನ್ನಿಗೆ ನೀಲಿ ಗುರುತು,
ದಾರಿ ತನ್ನದೆಂಬ ಮುಖ.
ಬೆಲ್ ಹೊಡೆದೆ. ಮೆಲುಕು ನಿಲ್ಲಲಿಲ್ಲ.
ನಾನೇ ಇಳಿದು ಸುತ್ತಿಬಂದೆ.

ಮುಂದೆ ಥರ್ಜಾ, ಎಪ್ಪತ್ತೆರಡು,
ಗೇರು ಬದಲಿಸದೆ ಏರು ಹತ್ತುವವಳು.
ಹೆದರ್ ಇನ್ನೂ ಹೂ ಬಿಟ್ಟಿಲ್ಲ,
ಬಯಲೆಲ್ಲ ಸೀದ ರೊಟ್ಟಿಯ ಬಣ್ಣ;
ಎಲ್ಲೋ ಕರ್ಲ್ಯೂ ಹಕ್ಕಿ,
ಕೊಳಲಿಗೆ ನೀರು ನುಗ್ಗಿದ ಹಾಗೆ.

ನಮ್ಮ ಗೇಟು ಆಚೆ ಬದಿಗೆ.
ಅವಳು ಕಾಲೂರಿ ನಿಂತಳು.
ಬಂದ ಕಡೆ ನೋಡಿದಳು, ಹೋಗುವ ಕಡೆ.
'ಏನು?' ಎಂದೆ.
'ಅಪ್ಪ ಇಲ್ಲೇ ಸಿಗ್ನಲ್ ಕಾಯುತ್ತಿದ್ದ.
ನೋಡದೆ ದಾಟಿದರೆ ಬೆನ್ನಿಗೆ ಬೀಳುತ್ತಿತ್ತು.'

ಮಂಜಿನೊಳಗಿಂದ ಏನೂ ಬರಲಿಲ್ಲ.
ಅದು ಹೋಗುವ ತನಕ ಕಾದು,
ದಾಟಿದೆವು.