ಒಂಟಿ ಓಲೆ

ಮಾನ್ಯರೇ,
ಉಲ್ಲೇಖ: ಮಾರ್ಚ್ ಹನ್ನೊಂದರ ನಿಮ್ಮ ಪತ್ರ.
'ಕಳೆದ ಹೊತ್ತು, ಕಳೆದ ಜಾಗ ನಮೂದಿಸಿಲ್ಲವಾದ ಕಾರಣ
ಕ್ಲೇಮು ತಿರಸ್ಕೃತ' ಎಂದಿದ್ದೀರಿ.

ಜಾಗ ಗೊತ್ತಿದ್ದರೆ, ಸ್ವಾಮಿ,
ಬಗ್ಗಿ ಎತ್ತಿಕೊಳ್ಳುತ್ತಿದ್ದೆ.
ಎಪ್ಪತ್ತೆಂಟಾದರೂ ಅಷ್ಟು ಬಗ್ಗಬಲ್ಲೆ.

(ಈ ಸಾಲು ಬೇಡವೆಂದಳು ಕೆಳಮನೆಯ ಮೊರಾಗ್.
ಸಿಟ್ಟು ಕಾಣಬಾರದಂತೆ ಕಂಪನಿಗೆ.
ಹೊಡೆದೆ. ಗೆರೆಯ ಅಡಿಯಲ್ಲಿ
ಓದಲು ಬರುವಷ್ಟು ಬಿಟ್ಟೆ.)

ನನಗೆ ಗೊತ್ತಿರುವುದಿಷ್ಟು:
ಮಂಗಳವಾರ ಬೆಳಿಗ್ಗೆ ಎರಡೂ ಕಿವಿಯಲ್ಲಿದ್ದವು.
ಹಾಸಿಗೆಯ ಹೊದಿಕೆ ಬದಲಿಸಿದೆ,
ಉಣ್ಣೆಯ ಮಫ್ಲರು ತಲೆಯ ಮೇಲಿಂದ ಎಳೆದೆ,
ರಾಸ್ಪ್‌ಬೆರಿ ಜಾಮಿನ ಪಾತ್ರೆ ತೊಳೆದ ನೀರು ಚೆಲ್ಲಿದೆ.
ರಾತ್ರಿ ಕನ್ನಡಿಯಲ್ಲಿ ಬಲಗಿವಿ ಬರಿದು.
ಕಸ ಹೀರುವ ಯಂತ್ರದ ಹೊಟ್ಟೆ ಬಗೆದು
ಪೇಪರಿನ ಮೇಲೆ ಸುರಿದೆ:
ಬೆಕ್ಕಿನ ಕೂದಲು, ಎರಡು ಪೆನ್ನಿ,
ಯಾರದೋ ಅಂಗಿಯ ಗುಂಡಿ.
ಸಿಂಕಿನ ಕೊಳವೆ ಬಿಚ್ಚಿಸಿದೆ. ಬಿಲ್ಲು ಲಗತ್ತಿಸಿದೆ.

'ಖರೀದಿಯ ರಶೀದಿ ಇಲ್ಲ' — ನಿಜ.
ಎರಿಕ್ಟ್ ಹೊಳೆ ರಶೀದಿ ಕೊಡುವುದಿಲ್ಲ.
ಕಾನೂನು ಇನ್ನೂ ಅಡ್ಡ ಬಾರದ ಕಾಲ;
ನನ್ನ ಲಾಕ್ಲನ್ ತೊಡೆಯುದ್ದದ ಬೂಟು ತೊಟ್ಟು
ಗಾಜಿನ ತಳದ ಬಕೆಟ್ಟಿನಲ್ಲಿ ಮುಖ ಹುದುಗಿಸಿ
ಸೀಳುಗೋಲಿನಿಂದ ಚಿಪ್ಪು ಕೀಳುತ್ತಿದ್ದ.
ನೂರು ಚಿಪ್ಪಿನಲ್ಲಿ ನೂರೂ ಬರಿ ಮಾಂಸ.

ಮೊದಲನೆಯದು ಸಿಕ್ಕಿದ್ದು ಮದುವೆಯಾದ ಬೇಸಿಗೆ.
ತೆಳು ಗುಲಾಬಿ. ಒಂದು ಬದಿ ಕೊಂಚ ಚಪ್ಪಟೆ.
ಅದರ ಜೋಡಿಗೆ ಒಂಬತ್ತು ವರ್ಷ.
ಅಲ್ಲಿಯತನಕ ಬೆಂಕಿಪೊಟ್ಟಣದಲ್ಲಿ, ಹತ್ತಿಯ ಮೇಲೆ,
ಒಂದೇ ಮಲಗಿತ್ತು.
ನಡುವೆ ಇಬ್ಬರು ಮಕ್ಕಳು; ಒಂದು ಜಗಳ,
ಎರಡು ತಿಂಗಳು ಅವನು ತಮ್ಮನ ಮನೆಯಲ್ಲಿದ್ದ.
(ಇದನ್ನೂ ಹೊಡೆಯಲೇ? ಇರಲಿ.)
ಮರಳಿ ಬಂದ ಸಂಜೆ ಬಾಗಿಲಲ್ಲಿ ನಿಂತ.
ಕೇಳಿದ್ದಕ್ಕೆಲ್ಲ ಉತ್ತರವಿಲ್ಲ.
ಇನ್ನೂ ಮುನಿಸು ಎಂದುಕೊಂಡೆ.
ಜೇಬು ತೂತಾಗಿತ್ತು, ಸ್ವಾಮಿ.
ಎರಡನೆಯದನ್ನು ಅವನು
ಬಾಯಲ್ಲಿಟ್ಟುಕೊಂಡು ತಂದಿದ್ದ.

ಲಗತ್ತು: ನಾದಿನಿಯ ಮದುವೆಯ ಫೋಟೋ ಒಂದು,
ನನ್ನ ಕಿವಿಗಳಷ್ಟೇ ಹಿಗ್ಗಿಸಿದ್ದು.
ಮುತ್ತು ಕೊರೆದವನ ಮಗ ಬರೆದುಕೊಟ್ಟ ಚೀಟಿ.
ಒಂಬುಡ್ಸ್‌ಮನ್ನರ ವಿಳಾಸ
ನನ್ನಲ್ಲಿದೆ ಎಂಬುದು ತಮ್ಮ ಗಮನಕ್ಕೆ.
ಇಂತಿ, ಇಷ್‌ಬೆಲ್ ಮೆಕ್‌ಕೋರ್ಕೊಡೇಲ್.

*

ಓಲೆಗಾಗಿ ಬರೆದ ಓಲೆ, ನಾಲ್ಕನೆಯದು, ನಾಟಿತು.
ಜೂನಿನಲ್ಲಿ ಉತ್ತರ. 'ಮರುಪರಿಶೀಲಿಸಲಾಗಿ
ಜೋಡಿಯ ಪೂರ್ತಿ ಮೊತ್ತ ಮಂಜೂರು.'
ಮೊರಾಗ್ ಮೇಜು ಗುದ್ದಿದಳು, ಚಹಾ ಚೆಲ್ಲಿತು.
ನಾನು ಹಾಳೆ ಮಗುಚಿದೆ.
ಹಿಂಬದಿಯಲ್ಲಿ ಇರುವೆಸಾಲಿನ ಅಕ್ಷರ:
'ಪಾಲಿಸಿಯ ಹದಿನೇಳನೆಯ ಷರತ್ತಿನಂತೆ
ಉಳಿದ ಒಂದು ಕಂಪನಿಗೆ ಸೇರತಕ್ಕದ್ದು.
ಮೆತ್ತೆಯಿಟ್ಟ ಲಕೋಟೆ ಲಗತ್ತಿಸಿದೆ.
ಅಂಚೆವೆಚ್ಚ ನಮ್ಮದು.'

ಒಳ್ಳೆಯ ಲಕೋಟೆ. ಬೆರಳಿಟ್ಟು ನೋಡಿದೆ,
ಹೊಸ ಹಾಸಿಗೆಯಂತೆ ಒಳಗೆಲ್ಲ ಗುಳ್ಳೆಗುಳ್ಳೆ.
ಛಾವಣಿಯ ಸೋರಿಕೆಗೆ ಆ ದುಡ್ಡು ಸಾಕು,
ಇನ್ನೊಂದಿಷ್ಟು ಮಿಗುತ್ತಿತ್ತು ಕೂಡ.
ಕಂಪನಿ ಅದನ್ನು ಏನು ಮಾಡುತ್ತದೆ?
ಎಲ್ಲೋ ಎಡಿನ್‌ಬರೋದ ಕಪಾಟಿನಲ್ಲಿ
ಜೋಡಿ ಕಳೆದ ಕಫ್‌ಲಿಂಕು, ಕೈಗವಸು, ಬೆಳ್ಳಿಚಮಚ
ಸಾಲಾಗಿ ಕೂತಿರಬಹುದೇ,
ತಮ್ಮ ಮೊತ್ತವನ್ನು ಎದೆಗೆ ಅಂಟಿಸಿಕೊಂಡು?

ಒಂದು ವಾರ ಮೇಜಿನ ಮೇಲಿತ್ತು ಲಕೋಟೆ.
ಬೆಕ್ಕು ಅದರ ಮೇಲೆ ಮಲಗುವುದು ಕಲಿಯಿತು.

ಗುರುವಾರ ಮಧ್ಯಾಹ್ನ ಫೋನು.
ಕಂಪನಿಯ ಹುಡುಗಿ ಕರ್ಸ್ಟಿ, ಮೆಲುದನಿ,
ಇಂಥ ಕೆಲಸಕ್ಕೆ ತೀರ ಮೆಲುದನಿ:
'ತೀರ್ಮಾನ ಏನು ಮಾಡಿದಿರಿ, ಮೇಡಂ?
ಮೇಡಂ? ಕೇಳಿಸುತ್ತಿದೆಯೇ?'

ಕೇಳಿಸುತ್ತಿತ್ತು.
ಮಾತಾಡಿದರೆ ಮುತ್ತು ಬೀಳುತ್ತಿತ್ತು.
ಒಂದು ಬದಿ ಕೊಂಚ ಚಪ್ಪಟೆ,
ನಾಲಿಗೆಗೆ ಈಗ ತಿಳಿಯಿತು.

ಮುನಿಸು ಎಂದುಕೊಂಡಿರಬೇಕು ಅವಳು.