ಅರ್ಧ ಗಂಟೆಯ ಕೂಲಿ

ಮೇಜಿನ ಮೇಲೆ ಮೂರು ರಟ್ಟಿನ ಪೆಟ್ಟಿಗೆ ಬಿಚ್ಚಿಟ್ಟೆ.
ತೂರುನ್ ಕೈಗವಸು ಕೂಡ ಬಿಚ್ಚಲಿಲ್ಲ.
ಹೊರಗೆ ಅವಳ ಕೆಂಪು ಸಾಬ್, ಇಪ್ಪತ್ತಾರು ವರ್ಷದ್ದು,
ಬರ್ಗೆನ್ನಿನ ಮಳೆಗೆ ಮೈಯೊಡ್ಡಿ ನಿಂತಿತ್ತು,
ದವಾಖಾನೆಯ ಸರದಿಯಲ್ಲಿ ಆಗಲೇ ನಾಲಗೆ ಚಾಚಿಕೊಂಡ
ಮುದುಕನ ಹಾಗೆ.

‘ಯಾವುದು ಜೋರು?’ ಅಂದಳು.
ಯಾವುದು ಒಳ್ಳೆಯದು ಅನ್ನಲಿಲ್ಲ.
ಈ ಲಾಕ್ಸೆವೋಗ್ ಗ್ಯಾರೇಜಿಗೆ ಬಂದವರೆಲ್ಲ
ಮೂವತ್ತು ವರ್ಷ ಕೇಳಿದ್ದು ಬರೀ ಕುದುರೆಗಳ ಲೆಕ್ಕ.

ಮೊದಲನೆಯದು ಗಿಡ್ಡ ಪೈಪು,
ತುದಿಗೆ ಎಣ್ಣೆ ಹಚ್ಚಿದ ಕೆಂಪು ಹತ್ತಿಯ ಶಂಕು.
ಎಂಜಿನ್ನಿನ ಪಕ್ಕದಲ್ಲೇ ಕೂತು ಅದರ ಬಿಸಿಯುಸಿರನ್ನೇ ಕುಡಿಯುತ್ತದೆ,
ಕಂಬಳಿಯೊಳಗೆ ತಲೆ ಹುದುಗಿಸಿ ಮಲಗಿದವನ ಹಾಗೆ.
ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ತಂತಿಗೆ ಜಿಡ್ಡು,
ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ.

ಎರಡನೆಯದು ಉದ್ದ. ಬಂಪರಿನ ಹಿಂದೆ ಮೂಗು ಇಳಿಬಿಟ್ಟು
ತಣ್ಣನೆಯ ಗಾಳಿ ಹುಡುಕುತ್ತದೆ.
ತಣ್ಣಗಿದ್ದಷ್ಟೂ ಗಾಳಿ ದಟ್ಟ,
ದಟ್ಟವಿದ್ದಷ್ಟೂ ಬೆಂಕಿಗೆ ಹೊಟ್ಟೆತುಂಬ ಊಟ.
ಆದರೆ ಈ ಊರಲ್ಲಿ ರಸ್ತೆ ಯಾವುದು ಹೊಂಡ ಯಾವುದು
ಹೇಳುವವರು ಯಾರು?
ಮೂಗು ಒಮ್ಮೆ ನೀರು ಕುಡಿಯಿತೋ,
ಒಳಗಿನ ಕಬ್ಬಿಣದ ಕಡ್ಡಿ ಬಾಗಿಹೋಗುತ್ತದೆ.
ಇದನ್ನು ಕಡ್ಡಿ ಮುರಿದಂತೆಯೇ ಹೇಳಿದೆ.

ಮೂರನೆಯದು ಬರೀ ಫಿಲ್ಟರು,
ಹಳೆಯ ಪೆಟ್ಟಿಗೆಯೊಳಗೇ ಕೂರುವಂಥದ್ದು.
ಸದ್ದಿಲ್ಲ, ಸುದ್ದಿಯಿಲ್ಲ.

‘ಕುದುರೆ ಎಷ್ಟು ಬರುತ್ತವೆ?’
ರಟ್ಟಿನ ಮೇಲೆ ಹನ್ನೆರಡು ಅಂತ ಬರೆದಿದೆ, ಅಂದೆ.
ಲಾಯಕ್ಕೆ ಬರುವುದು ಮೂರು. ಅದರಲ್ಲೂ ಒಂದು ಕುಂಟು.
ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸ.
ನೀನು ಕೊಳ್ಳುವುದು ಸದ್ದು, ತೂರುನ್.

‘ಸದ್ದೇ ಬೇಕು.’

ಆಮೇಲೆ ಟೈರಿನ ಮೇಲೆ ಕೂತಳು.
ಹತ್ತೊಂಬತ್ತು ವರ್ಷದಿಂದ ನಗರದ ಬಸ್ಸು ಓಡಿಸುತ್ತಾಳೆ.
ಮೊದಲು ಡೀಸೆಲ್ಲು: ದಿಬ್ಬದಲ್ಲಿ ಏದುಸಿರು, ಇಳಿಜಾರಿನಲ್ಲಿ ನಿಟ್ಟುಸಿರು,
ಕಾಲು ಎಷ್ಟು ಒತ್ತಿದೆ ಎಂದು ಕಿವಿ ಹೇಳುತ್ತಿತ್ತು.
ಈಗಿನವು ಕರೆಂಟಿನವು. ಉಸಿರೆತ್ತುವುದಿಲ್ಲ.
ಜನ ಗೊತ್ತಾಗದೆ ಅಡ್ಡ ಬಂದಾರೆಂದು
ಮುಂದೊಂದು ಸ್ಪೀಕರು ಇಟ್ಟಿದ್ದಾರೆ,
ನಿಧಾನ ಹೋಗುವಾಗ ಗುಂಯ್‌ಗುಡುತ್ತದೆ.
‘ಓಡಿಸುವುದು ನಾನು, ದನಿ ಇನ್ಯಾರದೋ.

ಬಯ್ಯುತ್ತಿಲ್ಲ, ಒಳ್ಳೆಯ ಬಸ್ಸುಗಳೇ.
ನಿಲ್ದಾಣದ ಮೇಲಿನ ಮನೆಯಲ್ಲಿ ತಂಗಿಯ ಮಗುವಿಗೆ
ಕೆಮ್ಮು ನಿಂತಿದೆ.
ಆದರೆ ಎಂಟು ತಾಸು ಓಡಿಸಿ ಇಳಿದರೆ
ಏನನ್ನೂ ಓಡಿಸಿಯೇ ಇಲ್ಲ ಅನ್ನಿಸುತ್ತದೆ.’

ಗಾಳಿ ಬಂದಾಗ ತೂರಿಕೋ ಅನ್ನುತ್ತದೆ ವ್ಯಾಪಾರ.
ಮೂರು ಸಾವಿರ ಕ್ರೋನರಿನ ಕೆಂಪು ಶಂಕು ಕೈಯಲ್ಲೇ ಇತ್ತು.
ಕೆಳಗಿಟ್ಟೆ, ಯಾಕೋ.

ಬಾನೆಟ್ಟು ಎತ್ತಿ ಟಾರ್ಚು ಬಿಟ್ಟು ತೋರಿಸಿದೆ:
ಗಾಳಿಯ ದಾರಿಯ ಪಕ್ಕಕ್ಕೆ ಅಂಟಿಕೊಂಡ ಕಪ್ಪು ಡಬ್ಬಿ.
ಒಳಗೆ ಏನೂ ಇಲ್ಲ. ಸೋಸುವುದಿಲ್ಲ, ತಣಿಸುವುದಿಲ್ಲ.
ಎಂಜಿನ್ನಿನ ಬಾಯಿಗೆ ಕಾರ್ಖಾನೆ ಅಡ್ಡ ಹಿಡಿದ ಅಂಗೈ, ಅಷ್ಟೇ.
ಎರಡು ಕ್ಲಿಪ್ಪು, ಸಲೀಸು.
ಹೊತ್ತು ತಿಂದದ್ದು ಒಂದು ತುಕ್ಕಿನ ಬೋಲ್ಟು.
ತೂತಿಗೆ ರಬ್ಬರು ಮುಚ್ಚಳ ಬಡಿದೆ.

ಸುರಂಗದಲ್ಲಿ ಅವಳು ಕಿಟಕಿ ಇಳಿಸಿದಳು.
ಎರಡನೇ ಗೇರು. ಮೂರನೆಯದು.
ಗೋಡೆಗೆ ಬಡಿದು ಮರಳಿದ್ದು ಗರ್ಜನೆಯೇನಲ್ಲ,
ಒರಟು ಗಂಟಲಿನ ಯಾರೋ ಪಕ್ಕದ ಕೋಣೆಯಿಂದ
ಹೂಂ ಅಂದ ಹಾಗೆ.
ಕಾಲು ತೆಗೆದಳು, ಸುಮ್ಮನಾಯಿತು.
ಒತ್ತಿದಳು, ಹೂಂ.
ನಾವಿಬ್ಬರೂ ಮಾತಾಡಲಿಲ್ಲ.
ಸರದಿ ನಮ್ಮದಾಗಿರಲಿಲ್ಲ.

ಬಿಲ್ಲಿನಲ್ಲಿ ಬರೆದೆ:
ಹಾಕಿದ್ದು, ಏನೂ ಇಲ್ಲ. ಮುಚ್ಚಳ ನನ್ನ ಲೆಕ್ಕ.
ತೆಗೆದದ್ದು, ಖಾಲಿ ಡಬ್ಬಿ ಒಂದು.
ಕೂಲಿ, ಅರ್ಧ ಗಂಟೆ.

ಡಬ್ಬಿಗೆ ನಿನ್ನ ಹೆಸರು ಅಂಟಿಸಿ ಕಪಾಟಿನಲ್ಲಿಟ್ಟಿದ್ದೇನೆ, ತೂರುನ್.
ಮಾರ್ಚಿನಲ್ಲಿ ಸರ್ಕಾರಿ ತಪಾಸಣೆ.
ಹಿಂದಿನ ಸಂಜೆ ಬಾ, ಮತ್ತೆ ಕೂರಿಸಿ ಕೊಡುತ್ತೇನೆ.
ಒಂದು ದಿನದ ಮಟ್ಟಿಗೆ
ಇದೂ ಉಸಿರೆತ್ತದಿರಲಿ.